ಓಹಾಯೊದ ಮನೆಪತ್ರದಲ್ಲಿ ವರ್ಜೀನಿಯ ಹೇಗೆ ಬಂತು?

ಪ್ರಶ್ನೆ: ನಾವು ಓಹಾಯೊದಲ್ಲಿ, ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ ಮನೆ ತಗೊಂಡಿದ್ದೇವೆ. ಸಯೋಟೊ ನದಿಯ ಪಶ್ಚಿಮ ದಡ. ಕ್ರಯಪತ್ರದಲ್ಲಿ ‘ವರ್ಜೀನಿಯ ಮಿಲಿಟರಿ ಸರ್ವೆ’ ಅಂತ ಬರೆದು ಒಂದು ನಂಬರ್ ಕೊಟ್ಟಿದ್ದಾರೆ. ಆಚೆ ದಡದ ಗೆಳೆಯರ ಪತ್ರದಲ್ಲಿ ವರ್ಜೀನಿಯದ ಸುಳಿವೇ ಇಲ್ಲ. ಅಲ್ಲಿ ರೇಂಜ್, ಟೌನ್‌ಶಿಪ್, ಕ್ವಾರ್ಟರ್ ಅಂತಿದೆ. ಮೊನ್ನೆ ಲೈಬ್ರರಿಯಲ್ಲಿ 1780ರ ದಶಕದ ನಕ್ಷೆಯೊಂದರ ಪ್ರತಿ ನೋಡಿದೆ. ಅದರಲ್ಲಿ ಓಹಾಯೊ ಎಂಬ ರಾಜ್ಯವೇ ಇಲ್ಲ. ಸಾರಟೋಗ, ಮೆಟ್ರೊಪೊಟೇಮಿಯ ಅಂತೆಲ್ಲ ಇದೆ. ಆ ರಾಜ್ಯಗಳು ನಿಜವಾಗಿ ಇದ್ದವಾ? ಕಾಣದ ಜಾಗಕ್ಕೆ ಆಗಿನವರು ನಕ್ಷೆ ಬರೆದದ್ದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ತಪ್ಪೇನೂ ಇಲ್ಲ. ನಿಮ್ಮ ಮನೆ ನಿಂತಿರುವ ನೆಲ ಒಂದು ಕಾಲದಲ್ಲಿ ವರ್ಜೀನಿಯ ತನ್ನ ಸೈನಿಕರಿಗೆ ಎತ್ತಿಟ್ಟುಕೊಂಡಿದ್ದ ಜಮೀನು. ಗೆಳೆಯರ ನೆಲವನ್ನು ಕೇಂದ್ರದ ಕಾಂಗ್ರೆಸ್ಸು ತನ್ನ ಸೈನಿಕರಿಗೆ ಅಂತ ಅಳೆಸಿತ್ತು. ನಡುವೆ ಸಯೋಟೊ ನದಿಯೇ ಗಡಿ. ಇನ್ನು ಸಾರಟೋಗ, ಮೆಟ್ರೊಪೊಟೇಮಿಯ ಒಂದು ದಿನವೂ ಇರಲಿಲ್ಲ. ಅವು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೇ ಹೋದವು. ಈ ಎರಡೂ ವಿಷಯ ಒಂದೇ ಕಥೆಯ ಎರಡು ತುದಿಗಳು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಒಂದು ಮಾತು. ಅಮೆರಿಕ ಹೊಸ ದೇಶವಾಗಿದ್ದಾಗ ಬಂದ ಪಶ್ಚಿಮದ ನಕ್ಷೆಗಳನ್ನು ನಾವು ಈಗಿನ ನಕ್ಷೆಗಳ ಹಾಗೆ ಓದಬಾರದು. ನೆಲ ಹೇಗಿದೆ ಎಂದು ತೋರಿಸುವುದಕ್ಕಿಂತ ಅದು ಯಾರದು, ಅದನ್ನು ಹೇಗೆ ಹಂಚುವುದು, ಹೇಗೆ ಮಾರುವುದು ಎಂದು ಹೇಳುವುದೇ ಅವುಗಳ ದೊಡ್ಡ ಕೆಲಸವಾಗಿತ್ತು. ಲೇಔಟ್ ಮಾಡುವವರು ನೆಲ ಸಮ ಮಾಡುವ ಮೊದಲೇ ಸೈಟ್ ನಂಬರ್ ಹಾಕಿದ ಪ್ಲಾನ್ ತೋರಿಸುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ.

1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ನು ಮಿಸಿಸಿಪಿ ನದಿಯವರೆಗಿನ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಯುದ್ಧ ಗೆದ್ದಾಗಿತ್ತು, ಖಜಾನೆ ಖಾಲಿ. ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ಸೈನಿಕರಿಗೆ ಸಂಬಳದ ಬಾಕಿ ಇತ್ತು. ಕೈಯಲ್ಲಿದ್ದ ಆಸ್ತಿ ಅಂದರೆ ಪಶ್ಚಿಮದ ನೆಲ ಮಾತ್ರ. ಅದರ ಮೇಲೂ ವರ್ಜೀನಿಯ, ಕನೆಕ್ಟಿಕಟ್ ಮುಂತಾದ ರಾಜ್ಯಗಳು ತಮ್ಮ ಹಳೆಯ ಸನ್ನದುಗಳನ್ನು ಹಿಡಿದು ಹಕ್ಕು ಹೇಳುತ್ತಿದ್ದವು. 1784ರ ಮಾರ್ಚ್ 1ರಂದು ವರ್ಜೀನಿಯ ಓಹಾಯೊ ನದಿಯ ಉತ್ತರದ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಆದರೆ ಒಂದು ಷರತ್ತು ಹಾಕಿತು: ತನ್ನ ಸೈನಿಕರಿಗೆ ಕೊಡಲು ಬೇರೆ ಕಡೆ ಜಮೀನು ಸಾಲದೆ ಹೋದರೆ, ಸಯೋಟೊ ಮತ್ತು ಲಿಟಲ್ ಮಯಾಮಿ ನದಿಗಳ ನಡುವಿನ ನೆಲ ಅವರಿಗೇ ಸಿಗಬೇಕು. ಅದೇ ವರ್ಜೀನಿಯ ಮಿಲಿಟರಿ ಡಿಸ್ಟ್ರಿಕ್ಟ್. ಸುಮಾರು 42 ಲಕ್ಷ ಎಕರೆ.

ಅದೇ ದಿನ, ಮುಂದೆ ದೇಶದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಇದ್ದ ಸಮಿತಿ ಕಾಂಗ್ರೆಸ್ಸಿನ ಮುಂದೆ ಒಂದು ವರದಿ ಇಟ್ಟಿತು. ನೀವು ನೋಡಿದ ಹೆಸರುಗಳು ಅಲ್ಲಿಂದ ಬಂದವು. ಎರಡೆರಡು ಡಿಗ್ರಿ ಅಕ್ಷಾಂಶಕ್ಕೆ ಒಂದು ಅಡ್ಡಗೆರೆ. ಓಹಾಯೊ ನದಿಯ ಜಲಪಾತದ ಮೂಲಕ, ಅಂದರೆ ಈಗಿನ ಲೂಯಿವಿಲ್ ಹತ್ತಿರ, ಒಂದು ಉದ್ದಗೆರೆ. ಗ್ರೇಟ್ ಕನಾವ ನದಿ ಓಹಾಯೊಗೆ ಸೇರುವ ಜಾಗದಲ್ಲಿ ಇನ್ನೊಂದು. ಹೀಗೆ ಬಂದ ಚೌಕಗಳಿಗೆ ಹತ್ತು ಹೆಸರುಗಳು. ಮಿಶಿಗನ್ ಪರ್ಯಾಯದ್ವೀಪಕ್ಕೆ ಗ್ರೀಕಿನ ‘ಪರ್ಯಾಯದ್ವೀಪ’ ಎಂಬ ಪದದಿಂದ ಕೆರ್ಸೊನೀಸಸ್. ಹಲವು ನದಿಗಳು ಹುಟ್ಟುವ ಕಡೆ ಮೆಟ್ರೊಪೊಟೇಮಿಯ. ನದಿಗಳು ಕೂಡುವ ಕಡೆ ಪೊಲಿಪೊಟೇಮಿಯ. ಆ ಲೆಕ್ಕದಲ್ಲಿ ನಿಮ್ಮ ಮನೆ ಸಾರಟೋಗದಲ್ಲಿ ಇರುತ್ತಿತ್ತು. ಏಪ್ರಿಲ್ 23ರಂದು ಕಾಂಗ್ರೆಸ್ಸು ಯೋಜನೆಯನ್ನು ಒಪ್ಪಿತು, ಹೆಸರುಗಳನ್ನು ಮಾತ್ರ ಕೈಬಿಟ್ಟಿತು. 1787ರ ಕಾಯ್ದೆ ಗೆರೆಗಳನ್ನೂ ಬದಲಿಸಿ, ಮೂರರಿಂದ ಐದು ರಾಜ್ಯ ಸಾಕು ಅಂದಿತು. ಅಷ್ಟರಲ್ಲಿ ಕೆಲವು ನಕ್ಷೆ ಅಚ್ಚು ಹಾಕುವವರು ಆ ಹೆಸರುಗಳನ್ನು ಎತ್ತಿಕೊಂಡಾಗಿತ್ತು. ನೀವು ನೋಡಿದ್ದು ಅಂಥ ಒಂದು ನಕ್ಷೆಯನ್ನು.

ಜೆಫರ್ಸನ್ ಆ ನದಿಗಳನ್ನು ಕಣ್ಣಾರೆ ಕಂಡವರಲ್ಲ. ಪ್ಯಾರಿಸ್‌ನಲ್ಲಿ ಗಡಿ ಮಾತಾಡಿದವರೂ ಕಂಡಿರಲಿಲ್ಲ. ಅಲ್ಲಿ ಮೇಜಿನ ಮೇಲೆ ಹರಡಿದ್ದು ಜಾನ್ ಮಿಚೆಲ್ 1755ರಲ್ಲಿ ಲಂಡನ್ನಿನಲ್ಲಿ ಹೊರತಂದ ನಕ್ಷೆ. ಮಿಚೆಲ್ ವರ್ಜೀನಿಯದಲ್ಲಿ ಹುಟ್ಟಿದ ವೈದ್ಯ, ಗಿಡಗಳ ಅಭ್ಯಾಸ ಮಾಡಿದವರು. ಕಚೇರಿಯ ಕಾಗದಗಳನ್ನೂ ಬೇರೆಯವರ ನಕ್ಷೆಗಳನ್ನೂ ಗುಡ್ಡೆ ಹಾಕಿಕೊಂಡು, ಲಂಡನ್ನಿನಲ್ಲೇ ಕೂತು ಜೋಡಿಸಿದರು. ಆ ಕಾಲಕ್ಕೆ ಅದಕ್ಕಿಂತ ವಿವರವಾದ ನಕ್ಷೆ ಇರಲಿಲ್ಲ, ಆ ಗೌರವ ಅವರಿಗೆ ಸಲ್ಲಬೇಕು. ಆದರೆ ಸುಪೀರಿಯರ್ ಸರೋವರದಲ್ಲಿ ಫಿಲಿಪೋ ಎಂಬ ಒಂದು ದೊಡ್ಡ ದ್ವೀಪ ಬರೆದಿದ್ದಾರೆ. ಅಂಥ ದ್ವೀಪ ಇಲ್ಲವೇ ಇಲ್ಲ. ಫ್ರೆಂಚ್ ನಕ್ಷೆಯೊಂದರಲ್ಲಿ ಮಂತ್ರಿಯ ಮನೆತನದ ಹೆಸರು ಹೊತ್ತು ಹುಟ್ಟಿದ ದ್ವೀಪ ಅದು. ಅದನ್ನು ಮಿಚೆಲ್ ನಂಬಿದರು, ಮಿಚೆಲ್‌ರನ್ನು ಪ್ಯಾರಿಸ್‌ನವರು ನಂಬಿದರು. ಗಡಿ ಈ ದ್ವೀಪದ ಉತ್ತರಕ್ಕೆ ಹೋಗುತ್ತದೆ ಅಂತ ಎರಡು ದೇಶಗಳು ಸಹಿ ಹಾಕಿದವು!

ಮಿಸಿಸಿಪಿಯ ವಿಷಯ ಇದಕ್ಕಿಂತ ದೊಡ್ಡದು. ಆ ನದಿಯ ಮೂಲ ಎಲ್ಲಿ ಬರಬೇಕಿತ್ತೋ ಅಲ್ಲಿ ಮಿಚೆಲ್ ಹಡ್ಸನ್ ಕೊಲ್ಲಿಯ ಚಿಕ್ಕ ನಕ್ಷೆಯೊಂದನ್ನು ಕೂರಿಸಿದ್ದರು. ಮೂಲ ಅದರ ಕೆಳಗೆ ಮುಚ್ಚಿಹೋಗಿತ್ತು. ನದಿ ಇನ್ನೂ ಉತ್ತರಕ್ಕೆ ಹೋಗಿರಬೇಕು ಅಂದುಕೊಂಡು, ಲೇಕ್ ಆಫ್ ದ ವುಡ್ಸ್ ಸರೋವರದ ವಾಯವ್ಯ ಮೂಲೆಯಿಂದ ನೇರ ಪಶ್ಚಿಮಕ್ಕೆ ಮಿಸಿಸಿಪಿಯವರೆಗೆ ಗಡಿ ಎಂದು ಬರೆದರು. ಆದರೆ ಮಿಸಿಸಿಪಿ ಹುಟ್ಟುವುದೇ ಆ ಸರೋವರದ ದಕ್ಷಿಣಕ್ಕೆ. ಪಶ್ಚಿಮಕ್ಕೆ ಎಷ್ಟು ನಡೆದರೂ ಆ ಗೆರೆಗೆ ನದಿ ಸಿಗುವುದಿಲ್ಲ. 1818ರಲ್ಲಿ ಇದನ್ನು ಸರಿ ಮಾಡಲು, ಆ ಮೂಲೆಯಿಂದ 49ನೇ ಅಕ್ಷಾಂಶಕ್ಕೆ ಒಂದು ಗೆರೆ ಇಳಿಸಿದರು. ಮಿನ್ನೆಸೋಟದ ನೆತ್ತಿಯ ಮೇಲೆ ಕೆನಡಾದ ಕಡೆಗೆ ಒಂದು ಮೊಳೆ ಚಾಚಿಕೊಂಡಿದೆಯಲ್ಲ, ನಾರ್ತ್‌ವೆಸ್ಟ್ ಆ್ಯಂಗಲ್, ಅದು ಹೀಗೆ ಬಂದದ್ದು. ಅಲ್ಲಿನ ಜನ ಇವತ್ತಿಗೂ ರಸ್ತೆಯಲ್ಲಿ ತಮ್ಮದೇ ರಾಜ್ಯದ ಮಿಕ್ಕ ಭಾಗಕ್ಕೆ ಬರಬೇಕಾದರೆ ಕೆನಡಾ ದಾಟಿ ಬರಬೇಕು.

ಇಷ್ಟೆಲ್ಲ ಕೇಳಿದ ಮೇಲೆ, ನೆಲ ನೋಡಿ ನಕ್ಷೆ ಬರೆದವರು ಯಾರೂ ಇರಲಿಲ್ಲವೇ ಅನ್ನಿಸುತ್ತದೆ. ಇದ್ದರು. ನನಗೆ ತುಂಬ ಇಷ್ಟವಾದವರು ಜಾನ್ ಫಿಚ್. 1743ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. ಗಡಿಯಾರ ರಿಪೇರಿ, ಬೆಳ್ಳಿ ಕೆಲಸ ಕಲಿತರು. ಆಮೇಲೆ ಕೆಂಟಕಿಯ ಕಡೆ ಜಮೀನು ಅಳೆಯಲು ಹೋದರು. 1782ರಲ್ಲಿ ಓಹಾಯೊ ನದಿಯಲ್ಲಿ ಮೂಲನಿವಾಸಿಗಳ ಕೈಗೆ ಸಿಕ್ಕಿ, ಬ್ರಿಟಿಷರ ಸೆರೆಯಾಳಾಗಿ ಕೆನಡಾ ಸೇರಿದರು. ಬಿಡುಗಡೆಯಾಗಿ ಬಂದ ಮೇಲೆ ಮತ್ತೆ ಓಹಾಯೊ ಕಡೆಗೇ ಹೋಗಿ ಅಳೆದರು. 1785ರಲ್ಲಿ ವಾಯವ್ಯ ಪ್ರದೇಶದ ನಕ್ಷೆಯೊಂದನ್ನು ತಾವೇ ಬರೆದರು. ತಾಮ್ರದ ತಗಡಿನ ಮೇಲೆ ತಾವೇ ಕೊರೆದರು. ತಗಡಿನ ಮೇಲೆ ಕೊರೆಯುವಾಗ ಪ್ರತಿ ಅಕ್ಷರವನ್ನೂ ತಿರುವುಮುರುವಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಕೊರೆಯಬೇಕು. ಅಚ್ಚು ಹಾಕಲು ಪ್ರೆಸ್ ಇರಲಿಲ್ಲ. ಸೇಬಿನ ರಸ ಹಿಂಡುವ ತಿರುಪಿನ ಯಂತ್ರದಲ್ಲಿ ಕಾಗದವನ್ನೂ ತಗಡನ್ನೂ ಇಟ್ಟು ಒತ್ತಿ ತೆಗೆದರು.

ಆ ನಕ್ಷೆಯಲ್ಲಿ ಗೆರೆಗಳಷ್ಟೇ ಬರಹವೂ ಇದೆ. ಇಲ್ಲಿ ಮಣ್ಣು ಒಳ್ಳೆಯದು, ಇಲ್ಲಿ ತಗ್ಗು, ಜೌಗು ಅಂತ ನೆಲದ ಮೇಲೇ ಬರೆದಿದ್ದಾರೆ. ಜಮೀನು ನೋಡಿ ಬಂದ ನೆಂಟರೊಬ್ಬರು ಜಗಲಿಯಲ್ಲಿ ಕೂತು ವರದಿ ಒಪ್ಪಿಸಿದ ಹಾಗಿದೆ. ಮುಂದೆ ಹೇಳುವ ಹಚಿನ್ಸ್ ಅವರಂಥವರ ನಕ್ಷೆಗಳಿಂದಲೂ ಫಿಚ್ ತಗೊಂಡಿದ್ದಾರೆ, ಆದರೆ ಸ್ವಂತ ಕಾಲಿನ ಧೂಳು ಅದರಲ್ಲಿದೆ. ನಕ್ಷೆ ಮಾರಿ ಬಂದ ದುಡ್ಡನ್ನು ಹಬೆಯಿಂದ ಓಡುವ ದೋಣಿಗೆ ಹಾಕಿದರು. 1787ರ ಆಗಸ್ಟ್ 22ರಂದು ಫಿಲಡೆಲ್ಫಿಯದ ಡೆಲಾವೇರ್ ನದಿಯಲ್ಲಿ, ಸಂವಿಧಾನ ಬರೆಯಲು ಸೇರಿದ್ದ ಪ್ರತಿನಿಧಿಗಳಲ್ಲಿ ಹಲವರ ಕಣ್ಣೆದುರೇ ಆ ದೋಣಿ ಓಡಿತು.

ಥಾಮಸ್ ಹಚಿನ್ಸ್ ಬೇರೆ ಥರದ ಮನುಷ್ಯ. ಬ್ರಿಟಿಷ್ ಸೈನ್ಯದಲ್ಲಿದ್ದಾಗ ಪಶ್ಚಿಮವನ್ನೆಲ್ಲ ಸುತ್ತಿ 1778ರಲ್ಲಿ ಲಂಡನ್ನಿನಲ್ಲಿ ನಕ್ಷೆ ಹೊರತಂದವರು. ಆಮೇಲೆ ಅಮೆರಿಕದ ಕಡೆ ಬಂದು 1781ರಲ್ಲಿ ದೇಶದ ಭೂಗೋಳ ಅಧಿಕಾರಿಯಾದರು. 1785ರ ಮೇ 20ರ ಭೂ ಕಾಯ್ದೆಯನ್ನು ನೆಲದ ಮೇಲೆ ಇಳಿಸುವ ಕೆಲಸ ಅವರ ತಲೆಗೆ ಬಿತ್ತು. ಕಾಯ್ದೆ ಹೇಳಿದ್ದು ಇಷ್ಟೇ: ಆರು ಮೈಲಿ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ತುಂಡು, ಒಂದೊಂದೂ 640 ಎಕರೆ. ಎಕರೆಗೆ ಕಡಿಮೆ ಅಂದರೆ ಒಂದು ಡಾಲರ್. 16ನೇ ತುಂಡು ಶಾಲೆಗೆ.

ಸೆಪ್ಟೆಂಬರ್ 30ರಂದು, ಪೆನ್ಸಿಲ್ವೇನಿಯದ ಗಡಿ ಓಹಾಯೊ ನದಿಗೆ ತಾಗುವ ಜಾಗದಿಂದ ಹಚಿನ್ಸ್ ಪಶ್ಚಿಮಕ್ಕೆ ಗೆರೆ ಎಳೆಯಲು ಶುರು ಮಾಡಿದರು. ಕೈಯಲ್ಲಿ ದಿಕ್ಸೂಚಿ, ಹಿಂದೆ ಸರಪಳಿ ಎಳೆಯುವವರು, ಮುಂದೆ ಕೊಡಲಿಯವರು. ನಾಲ್ಕು ಮೈಲಿ ಆಗುವಷ್ಟರಲ್ಲಿ, ಹತ್ತಿರದಲ್ಲಿ ದಾಳಿಯಾಗಿದೆ ಎಂಬ ಸುದ್ದಿ ಬಂತು. ಕೆಲಸ ನಿಂತಿತು. ಮುಂದಿನ ವರ್ಷ ಮತ್ತೆ ಹೊರಟರು. ಗೆರೆಗಳು ನಿಜವಾದ ಉತ್ತರಕ್ಕೆ ಸರಿಯಾಗಿರಬೇಕು ಅಂತ ಕಾಯ್ದೆಯಲ್ಲಿತ್ತು. ಕಾಡಿನಲ್ಲಿ ಅದು ನಿಧಾನದ ಕೆಲಸ, ಹಾಗಾಗಿ 1786ರ ಮೇ ತಿಂಗಳಲ್ಲಿ ಕಾಂಗ್ರೆಸ್ಸು ಆ ನಿಯಮವನ್ನೇ ಸಡಿಲಿಸಿತು. ಸೂಜಿ ತೋರಿಸಿದ ದಿಕ್ಕೇ ದಿಕ್ಕು ಎಂದಾಯಿತು. ಕಾಗದದ ಮೇಲೆ ಚೊಕ್ಕ ಚೌಕವಾಗಿ ಕಾಣುವ ಆ ಟೌನ್‌ಶಿಪ್‌ಗಳು ನೆಲದ ಮೇಲೆ ಅಲ್ಲಲ್ಲಿ ಓರೆಯಾಗಿರುವುದು ಅದಕ್ಕೇ.

ಆ ಸರಪಳಿಯ ಬಗ್ಗೆ ಹೇಳಲೇಬೇಕು. ಚಿಕ್ಕಂದಿನಲ್ಲಿ ನಮ್ಮೂರಿಗೆ ಮೋಜಣಿಯವರು ಬಂದಾಗ ಸರಪಳಿಯ ಒಂದು ತುದಿ ಹಿಡಿದು ಬದುವಿನ ಮೇಲೆ ನಿಂತವನು ನಾನು. ಅದು 33 ಅಡಿಯ ಸರಪಳಿ. ಅದರ ಚೌಕ, ಅಂದರೆ 33 ಅಡಿಗೆ 33 ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಓಹಾಯೊ ಕಾಡಿನಲ್ಲಿ ಹಿಡಿದದ್ದು ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ರೂಪಿಸಿದ 66 ಅಡಿಯ ಸರಪಳಿಯ ಅಳತೆ. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಪೊದೆ, ದಿಣ್ಣೆ ಇರುವ ಕಡೆ ಉದ್ದ ಸರಪಳಿ ಎಳೆಯುವುದು ಕಷ್ಟ. ಅದಕ್ಕೆ ಅದರ ಅರ್ಧ, 33 ಅಡಿಯದ್ದನ್ನು ಬಳಸುತ್ತಿದ್ದರು. 1815ರಲ್ಲಿ ಸರ್ವೆಯರುಗಳಿಗೆ ಕೊಟ್ಟ ಸೂಚನೆಯಲ್ಲಿ ಇದೇ ಅರ್ಧ ಸರಪಳಿಯನ್ನು ತಗೊಂಡು ಹೋಗಿ ಅಂತ ಇದೆ. ನಮ್ಮ ಗುಂಟೆಗೂ ಅಮೆರಿಕದ ಸೆಕ್ಷನ್ನಿಗೂ, ಅಂದರೆ ಆ 640 ಎಕರೆಯ ತುಂಡಿಗೂ, ಮೂಲದ ಅಳತೆಗೋಲು ಒಂದೇ. ಊರಿನ ಪಹಣಿಯನ್ನೂ ಅಲ್ಲಿನ ಪತ್ರವನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡಿ, ಚೂರೂ ಉಳಿಯದೆ ಕೂಡುತ್ತದೆ.

ತುಂಡುಗಳಿಗೆ ನಂಬರ್ ಕೊಡುವ ಕ್ರಮ 1796ರಲ್ಲಿ ಬದಲಾಯಿತು. ಈಶಾನ್ಯ ಮೂಲೆಯಲ್ಲಿ 1, ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ. ಅದರ ಕೆಳಗೆ 7, ಅಲ್ಲಿಂದ ಪೂರ್ವಕ್ಕೆ 12ರವರೆಗೆ. ಹೊಲ ಉಳುವಾಗ ಎತ್ತು ತಿರುಗಿಸಿಕೊಂಡು ಬಂದ ಹಾಗೆ. ನಿಮ್ಮ ಗೆಳೆಯರ ಕಡೆ ಮಾತ್ರ ಇದು ಸ್ವಲ್ಪ ಬೇರೆ. ಸೈನಿಕರ ಜಮೀನಾದ್ದರಿಂದ ಅಲ್ಲಿ ಟೌನ್‌ಶಿಪ್ ಐದು ಮೈಲಿ ಚೌಕ, ಅದರ ಕಾಲು ಭಾಗ 4,000 ಎಕರೆ. ಅವರ ಪತ್ರದಲ್ಲಿರುವ ‘ಕ್ವಾರ್ಟರ್’ ಅದೇ. ‘ರೇಂಜ್’ ಅಂದರೆ ಉತ್ತರ-ದಕ್ಷಿಣಕ್ಕೆ ನಿಂತ ಟೌನ್‌ಶಿಪ್‌ಗಳ ಒಂದು ಸಾಲು.

ನಿಮ್ಮ ದಡದಲ್ಲಿ ಚೌಕಗಳೇ ಇಲ್ಲ. ವರ್ಜೀನಿಯ ತನ್ನ ಹಳೆಯ ಪದ್ಧತಿಯಲ್ಲೇ ಅಳೆಸಿತು. ಅದು ನಮಗೆ ಚೆನ್ನಾಗಿ ಗೊತ್ತಿರುವ ಪದ್ಧತಿ, ಚಕ್ಕುಬಂದಿ. ‘ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು’ ಅಂತ ನಾವು ಬರೆಯುವ ಹಾಗೆ ಅವರು ‘ಹಳ್ಳದ ದಡದ ಎರಡು ಓಕ್ ಮರಗಳಿಂದ ಶುರು ಮಾಡಿ, ಇಂಥ ದಿಕ್ಕಿಗೆ ಇಷ್ಟು ಕೋಲು’ ಎಂದು ಬರೆದರು. ಸೈನಿಕ ತನ್ನ ಹಕ್ಕುಪತ್ರ ಹಿಡಿದು ಬೇಕಾದ ಕಡೆ ಜಮೀನು ಆರಿಸಿಕೊಳ್ಳಬಹುದಿತ್ತು. ಹೆಚ್ಚಿನವರು ತಾವು ಬರದೆ, ಸರ್ವೆಯರಿಗೆ ಜಮೀನಿನ ಒಂದು ಪಾಲನ್ನೇ ಕೂಲಿಯಾಗಿ ಕೊಟ್ಟರು. ಇಲ್ಲವೇ ಹಕ್ಕುಪತ್ರವನ್ನೇ ಮಾರಿಬಿಟ್ಟರು. ನಥಾನಿಯಲ್ ಮ್ಯಾಸಿ, ಲೂಕಸ್ ಸಲಿವಂಟ್ ಇಂಥ ಸರ್ವೆಯರುಗಳು. ಕೊಲಂಬಸ್‌ನಲ್ಲಿ ನದಿಯ ಪಶ್ಚಿಮಕ್ಕಿರುವ ಫ್ರ್ಯಾಂಕ್ಲಿಂಟನ್ ಭಾಗವನ್ನು 1797ರಲ್ಲಿ ಕಟ್ಟಿದವರು ಸಲಿವಂಟ್. ಎಲ್ಲರೂ ನೀರಿನ ಹತ್ತಿರದ ಒಳ್ಳೆಯ ಮಣ್ಣನ್ನೇ ಹಿಡಿದರು. ಒಬ್ಬರ ಅಳತೆಯ ಮೇಲೆ ಇನ್ನೊಬ್ಬರ ಅಳತೆ ಬಿತ್ತು. ನಡುವೆ ಯಾರಿಗೂ ಸೇರದ ಚೂರುಗಳು ಉಳಿದವು. ಗುರುತಿನ ಓಕ್ ಮರ ಬಿದ್ದುಹೋದ ಮೇಲೆ ಎಲ್ಲೆ ಯಾವುದು? ಕೋರ್ಟುಗಳಿಗೆ ಹಲವು ದಶಕದ ಕೆಲಸ ಸಿಕ್ಕಿತು. ನಿಮ್ಮ ಪತ್ರದ ನಂಬರ್ ಅಂಥ ಒಂದು ಅಳತೆಯದು.

ನಕ್ಷೆಯ ತಪ್ಪಿನಿಂದ ಒಂದು ರಾಜ್ಯವೂ, ಇನ್ನೂ ರಾಜ್ಯವಾಗದ ಪಕ್ಕದ ಮಿಶಿಗನ್ನೂ ಜಗಳಕ್ಕೆ ನಿಂತದ್ದೂ ನಿಮ್ಮ ಓಹಾಯೊದಲ್ಲೇ. 1787ರ ಕಾಯ್ದೆ, ಮಿಶಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ಎಳೆದ ಗೆರೆಯನ್ನು ರಾಜ್ಯಗಳ ಗಡಿಯಾಗಿ ಹೇಳಿತ್ತು. ಮಿಚೆಲ್ ನಕ್ಷೆ ಆ ತುದಿಯನ್ನು ಇರಬೇಕಾದ್ದಕ್ಕಿಂತ ಉತ್ತರಕ್ಕೆ ಬರೆದಿತ್ತು. ನಕ್ಷೆ ನಂಬಿದರೆ ಮಾಮೀ ನದಿಯ ಬಾಯಿ, ಈಗಿನ ಟೊಲೀಡೊ, ಓಹಾಯೊಗೆ. ನೆಲ ನಂಬಿದರೆ ಮಿಶಿಗನ್‌ಗೆ. 1802ರಲ್ಲಿ ಓಹಾಯೊದವರು ತಮ್ಮ ಸಂವಿಧಾನ ಬರೆಯಲು ಕೂತಾಗ, ಸರೋವರ ನೀವಂದುಕೊಂಡದ್ದಕ್ಕಿಂತ ತುಂಬ ದಕ್ಷಿಣಕ್ಕಿದೆ ಅಂತ ಬೇಟೆಗಾರನೊಬ್ಬ ಹೇಳಿದನಂತೆ. ತಕ್ಷಣ ಒಂದು ಷರತ್ತು ಸೇರಿಸಿದರು: ಏನೇ ಆಗಲಿ, ಗಡಿ ಮಾಮೀ ಕೊಲ್ಲಿಯ ಉತ್ತರದ ಭೂಶಿರಕ್ಕೇ ಹೋಗಬೇಕು. 1817ರಲ್ಲಿ ಒಂದು ಸರ್ವೆ ಓಹಾಯೊ ಹೇಳಿದ ಹಾಗೆ ಗೆರೆ ಎಳೆಯಿತು, 1818ರಲ್ಲಿ ಇನ್ನೊಂದು ಮಿಶಿಗನ್ ಹೇಳಿದ ಹಾಗೆ. ನಡುವೆ ಉಳಿದದ್ದು 468 ಚದರ ಮೈಲಿಯ ಪಟ್ಟಿ. 1835ರಲ್ಲಿ ಎರಡೂ ಕಡೆ ಸೈನ್ಯ ಸೇರಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೊನೆಗೆ ಪಟ್ಟಿ ಓಹಾಯೊಗೆ ಹೋಯಿತು. 1837ರ ಜನವರಿ 26ರಂದು ರಾಜ್ಯವಾದ ಮಿಶಿಗನ್‌ಗೆ ಬದಲಿಯಾಗಿ ಉತ್ತರದ ಪರ್ಯಾಯದ್ವೀಪದ ದೊಡ್ಡ ಭಾಗ ಸಿಕ್ಕಿತು. ಆಗ ಅದನ್ನು ಬರೀ ಹಿಮಕಾಡು ಅಂದುಕೊಂಡು ಬೇಸರಪಟ್ಟರು. ಆಮೇಲೆ ಅಲ್ಲಿ ತಾಮ್ರ, ಕಬ್ಬಿಣ ಸಿಕ್ಕಿತು.

ಇನ್ನು ನೀವು ಕೇಳಿದ ಮುಖ್ಯ ಮಾತಿಗೆ ಬರುತ್ತೇನೆ. ಕಾಣದ ಜಾಗಕ್ಕೆ ಹೇಗೆ ನಕ್ಷೆ ಬರೆದರು? ಕಂಡವರನ್ನು ಕೇಳಿ ಬರೆದರು. ಶಾನಿ, ಲೆನಾಪೆ, ಮಯಾಮಿ, ವೈಯಾಂಡಾಟ್ ಎಂಬ ಮೂಲನಿವಾಸಿ ಜನಕ್ಕೆ ಅದು ಕಾಣದ ಜಾಗವಲ್ಲ, ಮನೆ. ಯಾವ ಹಳ್ಳ ಎಲ್ಲಿ ಸೇರುತ್ತದೆ, ದೋಣಿ ಎಲ್ಲಿ ಹೊತ್ತು ದಾಟಬೇಕು, ಎಲ್ಲವೂ ಅವರ ಬಾಯಿಂದ ವ್ಯಾಪಾರಿಗಳಿಗೂ ಸಿಪಾಯಿಗಳಿಗೂ ಬಂದದ್ದು. ಹಚಿನ್ಸ್ ಅವರ 1778ರ ನಕ್ಷೆಯಲ್ಲಿ ಆ ಜನರ ಊರುಗಳೂ ದಾರಿಗಳೂ ಇವೆ. ಏಳೆಂಟು ವರ್ಷ ಕಳೆದು ಅದೇ ಹಚಿನ್ಸ್ ಅಳೆದ ಚೌಕಗಳ ನಕ್ಷೆಗೆ ಬಂದರೆ ಊರುಗಳಿಲ್ಲ. ಬರೀ ನಂಬರ್. ನನಗೆ ಈ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಆ ಜನ ಒಪ್ಪಿ ಕೊಟ್ಟ ನೆಲವಲ್ಲ ಅದು. 1791ರ ನವೆಂಬರ್ 4ರಂದು ಅವರು ಒಟ್ಟಾಗಿ ಅಮೆರಿಕದ ಸೈನ್ಯವನ್ನು ಸೋಲಿಸಿದರು. 1794ರಲ್ಲಿ ಫಾಲನ್ ಟಿಂಬರ್ಸ್‌ನಲ್ಲಿ ಸೋತರು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಈಗಿನ ಓಹಾಯೊದ ಬಹುಪಾಲು ಅವರ ಕೈಬಿಟ್ಟಿತು.

ಇನ್ನೂ ಪಶ್ಚಿಮಕ್ಕೆ ಹೋದರೂ ಇದೇ. 1801ರಲ್ಲಿ ಆಕೋಮೊಕಿ ಎಂಬ ಬ್ಲ್ಯಾಕ್‌ಫೂಟ್ ಬುಡಕಟ್ಟಿನ ಮುಖಂಡ, ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷರ ಹಡ್ಸನ್ ಬೇ ಕಂಪನಿಯ ಪೀಟರ್ ಫಿಡ್ಲರ್‌ಗೆ ಮಿಸ್ಸೌರಿ ನದಿಯ ಮೇಲ್ಭಾಗದ ನಕ್ಷೆ ಬರೆದುಕೊಟ್ಟ. ಬೆಟ್ಟಸಾಲಿಗೆ ನೇರ ಗೆರೆ, ನದಿಗಳಿಗೂ ಗೆರೆಗಳು. ದೂರ ಅಳೆದದ್ದು ಮೈಲಿಯಲ್ಲಿ ಅಲ್ಲ, ದಿನದ ನಡಿಗೆಯಲ್ಲಿ. ಅದು ಲಂಡನ್ನಿಗೆ ಹೋಗಿ, ಅಲ್ಲಿನ ನಕ್ಷೆಕಾರ ಆರನ್ ಆ್ಯರೋಸ್ಮಿತ್ ಅವರ 1802ರ ನಕ್ಷೆಗೆ ಸೇರಿತು. ಆ ನಕ್ಷೆಯನ್ನು ಜೆಫರ್ಸನ್ ತರಿಸಿದರು. ಅವರು ಕಳಿಸಿದ ಅನ್ವೇಷಕರು ಲೂಯಿಸ್ ಮತ್ತು ಕ್ಲಾರ್ಕ್ ಪಶ್ಚಿಮ ಸಮುದ್ರಕ್ಕೆ ಹೊರಟಾಗ ಅದರ ತಿಳಿವಳಿಕೆ ಅವರ ಜೊತೆಗಿತ್ತು.

ಈಗ ನಿಮ್ಮ ಮನೆಯ ಕಡೆ. ಕೌಂಟಿಯ ದಾಖಲೆ ಕಚೇರಿಯಲ್ಲಿ ನಿಮ್ಮ ಸರ್ವೆ ನಂಬರ್ ಹೇಳಿ ಮೂಲ ಅಳತೆಯ ವಿವರ ಕೇಳಿ. ಯಾವ ಸೈನಿಕನ ಹಕ್ಕುಪತ್ರ, ಯಾವ ಮರದಿಂದ ಶುರುವಾದ ಗೆರೆ ಎಂಬುದು ಅದರಲ್ಲಿ ಇರುತ್ತದೆ. ಮರದ ಜಾತಿಯನ್ನು ಗುರುತು ಹಾಕಿಕೊಳ್ಳಿ. ಅಂಥ ಮರಗಳ ಪಟ್ಟಿ ಹಿಡಿದೇ ವಿಜ್ಞಾನಿಗಳು ಆ ಕಾಲದ ಕಾಡು ಹೇಗಿತ್ತು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಊರಿನ ನಕ್ಷೆಯನ್ನು ಫೋನಿನಲ್ಲಿ ತೆರೆದು, ಪೇಟೆ ದಾಟಿ ಹೊಲಗಳಿರುವ ಕಡೆ ಸಯೋಟೊದ ಎರಡೂ ದಡದ ಎಲ್ಲೆಗಳನ್ನು ನೋಡಿ. ಪೂರ್ವದಲ್ಲಿ ಹೆಚ್ಚುಕಡಿಮೆ ಚೌಕ. ಪಶ್ಚಿಮದಲ್ಲಿ ಹಳ್ಳಗಳ ಜೊತೆ ಓರೆಯಾಗಿ ಹೋಗುತ್ತವೆ.

ಒಂದು ಶನಿವಾರ ಬಿಡುವಾದರೆ ಈಸ್ಟ್ ಲಿವರ್‌ಪೂಲ್‌ಗೆ ಹೋಗಿ ಬನ್ನಿ. ಕಾರಿನಲ್ಲಿ ಸುಮಾರು ಮೂರು ಗಂಟೆ. ರಾಜ್ಯದ ಗಡಿಯಲ್ಲಿ ರಸ್ತೆ ಪಕ್ಕ ಒಂದು ಸ್ಮಾರಕದ ಕಲ್ಲಿದೆ. ಹಚಿನ್ಸ್ ಅಳತೆ ಶುರು ಮಾಡಿದ ಜಾಗ ಇಲ್ಲಿಂದ 1,112 ಅಡಿ ದಕ್ಷಿಣಕ್ಕೆ ಅಂತ ಅದರಲ್ಲಿ ಬರೆದಿದ್ದಾರೆ. ಆ ಕಡೆ ತಿರುಗಿ ನೋಡಿದರೆ ಓಹಾಯೊ ನದಿ ಕಾಣುತ್ತದೆ. ಅಣೆಕಟ್ಟುಗಳಿಂದ ನೀರು ಏರಿ, ಆ ಮೊದಲ ಗುರುತಿನ ಜಾಗ ಈಗ ನದಿಯ ಒಳಗಿದೆ.